ಎಚ್ಚರಿಕೆ ಕೊಟ್ಟರೆ ಹೊಣೆ ಮುಗಿಯಿತೆ?

ಮೈಸೂರು ರಸ್ತೆಯ ಆಸುಪಾಸಿನಲ್ಲಿ ಎರಡು ಬಗೆಯ ರೈಲುಗಳು ಓಡುತ್ತವೆ. ಚಲ್ಲಘಟ್ಟದಿಂದ ಹೊರಡುವ ನೇರಳೆ ಮಾರ್ಗದ ಮೆಟ್ರೊ ಒಂದು. ಮೈಸೂರು, ಮಂಡ್ಯ, ಚನ್ನಪಟ್ಟಣ, ರಾಮನಗರ ದಾಟಿಕೊಂಡು ಬರುವ ಮೆಮು ರೈಲುಗಳು ಇನ್ನೊಂದು. ಮೆಟ್ರೊ ಬಾಗಿಲು ಮುಚ್ಚುವ ಮುನ್ನ ಒಂದು ಸದ್ದು ಬರುತ್ತದೆ, ಆಮೇಲೆ ಎರಡು ಹಲಗೆಗಳು ಕೂಡಿಕೊಳ್ಳುತ್ತವೆ, ರೈಲು ಹೊರಡುತ್ತದೆ. ಮೆಮು ಬಾಗಿಲನ್ನು ಬೆಳಗಿನ ಜನಜಂಗುಳಿಯಲ್ಲಿ ಯಾರೂ ಮುಚ್ಚುವುದಿಲ್ಲ. ಅಲ್ಲಿ ಬಾಗಿಲೆಂದರೆ ಇನ್ನೊಬ್ಬ ನಿಲ್ಲುವ ಜಾಗ. ಕಂಬಿ ಹಿಡಿದು, ಬ್ಯಾಗನ್ನು ಎದೆಗೆ ಅವುಚಿಕೊಂಡು ನಿಂತವರ ಅಂಗಿ ಗಾಳಿಗೆ ಪಟಪಟ ಎನ್ನುತ್ತಿರುತ್ತದೆ.

ಒಂದು ಬಾಗಿಲು ಎಚ್ಚರಿಕೆ ಕೊಟ್ಟು ಮುಚ್ಚುತ್ತದೆ, ಇನ್ನೊಂದು ಮುಚ್ಚುವುದೇ ಇಲ್ಲ. ಮೊದಲನೆಯದು ಸುರಕ್ಷಿತ, ಎರಡನೆಯದು ಅಪಾಯ ಎಂದು ತೀರ್ಪು ಕೊಡುವುದು ಸುಲಭ, ಅದು ಬಹುಮಟ್ಟಿಗೆ ನಿಜವೂ ಹೌದು. ಆದರೆ ಎರಡೂ ಕಡೆ ಅವಘಡವಾದಾಗ ನಾವು ಆಡುವ ಮಾತು ಒಂದೇ: 'ಹೇಳಿದ್ದರಲ್ಲ, ಕೇಳಬೇಕಿತ್ತು.' ಸದ್ದು ಮಾಡಿತ್ತಲ್ಲ, ಬೋರ್ಡು ಹಾಕಿತ್ತಲ್ಲ, ಮೈಕಿನಲ್ಲಿ ಕೂಗಿದ್ದರಲ್ಲ. ಈ ಮಾತು ಎಷ್ಟು ನ್ಯಾಯವಾದದ್ದು? ಎಚ್ಚರಿಕೆ ಕೊಟ್ಟವನ ಹೊಣೆ ಅಲ್ಲಿಗೆ ಮುಗಿಯುತ್ತದೆಯೆ?

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾದ ಜಿಲ್ಲೆಯ ನಾಲ್ಕು ಊರುಗಳನ್ನು ಈ ಪ್ರಶ್ನೆಯ ಮುಂದೆ ನಿಲ್ಲಿಸಿ ನೋಡಬಹುದು. ರಾಮನಗರ, ಚನ್ನಪಟ್ಟಣಗಳಿಗೆ ರೈಲು ಇದೆ. ಮಾಗಡಿಗೆ ಇಲ್ಲ. ಕನಕಪುರಕ್ಕೂ ಇಲ್ಲ; ಹೆಜ್ಜಾಲದಿಂದ ಕನಕಪುರದ ಮೇಲೆ ಚಾಮರಾಜನಗರಕ್ಕೆ ಹೋಗಬೇಕಾದ ಹಳಿ ಬಹುಕಾಲದಿಂದ ಮಾತಿನಲ್ಲೇ ಉಳಿದಿದೆ. ಈ ಎರಡು ಊರಿನವರಿಗೆ ಬಸ್ಸೇ ಗತಿ. ಕನಕಪುರದ ಬಸ್ಸಿನಲ್ಲಿ ಬಂದವರು ರೇಷ್ಮೆ ಸಂಸ್ಥೆ ನಿಲ್ದಾಣದಲ್ಲಿಳಿದು ಹಸಿರು ಮಾರ್ಗ ಹಿಡಿಯಬಹುದು. ಆ ನಿಲ್ದಾಣ ತೆರೆದದ್ದು 2021ರ ಜನವರಿಯಲ್ಲಿ. ಮೈಸೂರು ರಸ್ತೆಯಲ್ಲಿ ಮೆಟ್ರೊ 2021ರ ಆಗಸ್ಟ್‌ನಲ್ಲಿ ಕೆಂಗೇರಿಗೆ, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೆ ಬಂತು. ಹೀಗಾಗಿ ಈ ನಾಲ್ಕು ಊರಿನ ಎಷ್ಟೋ ಜನ ದಿನವೂ ಎರಡು ಬಾಗಿಲುಗಳನ್ನು ದಾಟುತ್ತಾರೆ. ಮನುಷ್ಯ ಕಾಯುವ ಬಾಗಿಲು ಒಂದು, ಯಂತ್ರ ಕಾಯುವ ಬಾಗಿಲು ಒಂದು. ಎರಡರ ನಡುವಿನ ವ್ಯತ್ಯಾಸ ಅವರಿಗೆ ಗೊತ್ತಿರುವಷ್ಟು ಬೆಂಗಳೂರಿನ ಒಳಗೇ ಓಡಾಡುವವರಿಗೆ ಗೊತ್ತಿರಲಾರದು.

ಮನುಷ್ಯ ಕಾಯುವ ಬಾಗಿಲೆಂದರೆ ಕಂಡಕ್ಟರ್ ನಿಂತ ಬಾಗಿಲು. ಅವನ ಭಾಷೆ ಎರಡೇ ಮಾತಿನದು: 'ರೈಟ್' ಎಂದರೆ ಹೊರಡು, 'ಹೋಲ್ಡಾನ್' ಎಂದರೆ ನಿಲ್ಲು. ಮಾತಿನ ಬದಲು ಸೀಟಿಯೂ ಆಗಬಹುದು. ಆದರೆ ಆ 'ರೈಟ್' ಬಾಯಿಗೆ ಬರುವ ಮುನ್ನ ಅವನ ಕಣ್ಣು ಒಮ್ಮೆ ಹಿಂದಕ್ಕೆ ಹೋಗಿ ಬರುತ್ತದೆ. ತಲೆ ಮೇಲೆ ಗಂಟು ಹೊತ್ತು ಒಬ್ಬಾಕೆ ಓಡಿ ಬರುತ್ತಿದ್ದರೆ, 'ಬಿರ್ರನೆ ಬಾರವ್ವ' ಎಂದು ಗದರುತ್ತಾನೆ. ಒಳಗಿನಿಂದ ಯಾರೋ 'ವಸಿ ತಡೀರಿ, ಅಜ್ಜಿ ಇಳೀತಾವ್ರೆ' ಎಂದು ಕೂಗುತ್ತಾರೆ. ಗದರಿಕೆಯೂ ಎಚ್ಚರಿಕೆಯೇ. ಆದರೆ ಅದು ನೋಡಿಕೊಂಡು ಕೊಟ್ಟ ಎಚ್ಚರಿಕೆ. ಎದುರಿಗಿರುವವರು ಎಷ್ಟು ಬೇಗ ಹತ್ತಬಲ್ಲರು ಎಂದು ಅಳೆದು, ಅಷ್ಟು ಹೊತ್ತು ಕಾದು, ಆಮೇಲೆ ಹೊರಡುವ ಎಚ್ಚರಿಕೆ.

ಹಾಗೆಂದು ಕಂಡಕ್ಟರನ ಬಾಗಿಲನ್ನು ಹೊಗಳಿ, ಯಂತ್ರದ ಬಾಗಿಲನ್ನು ತೆಗಳಿ ಮುಗಿಸುವಂತಿಲ್ಲ. ನೋಡುವ ಕಣ್ಣು ಆರಿಸುವ ಕಣ್ಣೂ ಹೌದು. ಬಿಳಿ ಪಂಚೆಯ ಗೌಡರಿಗೆ ನಿಂತ ಬಸ್ಸು ಕೂಲಿಗೆ ಹೊರಟವಳಿಗೆ ನಿಲ್ಲದೆ ಹೋಗಿದ್ದುಂಟು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಟಿಕೆಟ್ ಇಲ್ಲವಾದ ಮೇಲೆ, ಹೆಂಗಸರು ಮಾತ್ರ ನಿಂತಿರುವ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸುವುದಿಲ್ಲ ಎಂಬ ದೂರು ರಾಜ್ಯದ ಹಲವು ಕಡೆ ಕೇಳಿಬಂತು. ಮನುಷ್ಯನ ದಯೆ ಮನುಷ್ಯನ ತಾತ್ಸಾರದ ಜೊತೆಯಲ್ಲೇ ಬರುತ್ತದೆ. ಮೆಟ್ರೊ ಬಾಗಿಲಿಗೆ ಜಾತಿ ಗೊತ್ತಿಲ್ಲ, ಬಟ್ಟೆ ಕಾಣುವುದಿಲ್ಲ. ಮಂತ್ರಿಯ ಮಗನಿಗೂ ಗಾರ್ಮೆಂಟ್ಸ್ ಹುಡುಗಿಗೂ ಅದು ಅಷ್ಟೇ ಹೊತ್ತು ತೆರೆದಿರುತ್ತದೆ. ಶತಮಾನಗಳ ಕಾಲ ಬಾಗಿಲ ಹೊರಗೆ ನಿಲ್ಲಿಸಿಕೊಂಡವರಿಗೆ ಈ ಕುರುಡು ಸಮಾನತೆ ಸಣ್ಣ ವಿಷಯವಲ್ಲ.

ಆದರೆ ಕುರುಡು ಸಮಾನತೆಗೆ ಅದರದೇ ಲೆಕ್ಕವೊಂದಿದೆ. ಫ್ರೆಂಚ್ ಚಿಂತಕ ಬ್ರೂನೊ ಲತೂರ್ 1988ರಲ್ಲಿ ಜಿಮ್ ಜಾನ್ಸನ್ ಎಂಬ ಹೆಸರಿಟ್ಟುಕೊಂಡು ಒಂದು ಲೇಖನ ಬರೆದರು. ಅದರ ವಿಷಯ, ಬಾಗಿಲನ್ನು ತಾನಾಗಿ ಮುಚ್ಚುವ ಸಣ್ಣ ಸಾಧನ. ಬಾಗಿಲು ಮುಚ್ಚಲು ಒಬ್ಬ ಆಳನ್ನು ಇಡಬಹುದು, ಇಲ್ಲವೇ ಎಲ್ಲರಿಗೂ 'ಮುಚ್ಚಿ ಹೋಗಿ' ಎಂದು ಬುದ್ಧಿ ಹೇಳಬಹುದು. ಎರಡೂ ಕೈಕೊಟ್ಟಾಗ ಆ ಕೆಲಸವನ್ನು ಸ್ಪ್ರಿಂಗಿಗೋ ಪಿಸ್ಟನ್ನಿಗೋ ವಹಿಸುತ್ತೇವೆ. ಕೆಲಸ ಸಾಗುತ್ತದೆ. ಆದರೆ ಸ್ಪ್ರಿಂಗು ಬಲವಾಗಿದ್ದರೆ ಮಕ್ಕಳು, ಮುದುಕರು, ಎರಡು ಕೈಯಲ್ಲೂ ಸಾಮಾನು ಹಿಡಿದವರು ಆ ಬಾಗಿಲನ್ನು ದಾಟಲಾರರು. ಯಾರನ್ನೂ ಹೊರಗಿಡಬೇಕೆಂದು ಯಾರೂ ತೀರ್ಮಾನಿಸಿರುವುದಿಲ್ಲ, ಆದರೂ ಕೆಲವರು ಹೊರಗುಳಿಯುತ್ತಾರೆ. ಯಂತ್ರಕ್ಕೆ ಕೆಲಸ ವಹಿಸಿದಾಗ ಅದರ ಜೊತೆ ಒಂದು ನೀತಿಯನ್ನೂ ವಹಿಸಿರುತ್ತೇವೆ ಎಂಬುದು ಲತೂರ್ ತೋರಿಸಿದ ಸಂಗತಿ.

ಮೆಟ್ರೊ ಬಾಗಿಲಿನ ನೀತಿ ಯಾವುದು? ಬೆಂಗಳೂರಿನ ಮೆಟ್ರೊ ರೈಲಿಗೆ 6 ಬೋಗಿ, ಒಂದು ಬೋಗಿಗೆ ಒಂದು ಬದಿಯಲ್ಲಿ 4 ಬಾಗಿಲು. ಅಂದರೆ ಒಂದು ನಿಲ್ದಾಣದಲ್ಲಿ 24 ಬಾಗಿಲು ಒಟ್ಟಿಗೆ ತೆರೆಯುತ್ತವೆ, ಒಟ್ಟಿಗೆ ಮುಚ್ಚುತ್ತವೆ. 120 ಮೀಟರಿಗೂ ಉದ್ದದ ರೈಲಿನ ತುದಿಯಲ್ಲಿ ಕುಳಿತ ಒಬ್ಬ ಚಾಲಕ 24 ಜನ ಕಂಡಕ್ಟರ್‌ಗಳ ಹಾಗೆ 24 ಬಾಗಿಲಿನಲ್ಲೂ ಹಿಂದಿರುಗಿ ನೋಡಲಾರ. ಹಾಗಾಗಿ ನೋಡುವ ಕೆಲಸವನ್ನು ಎರಡು ಪಾಲು ಮಾಡಲಾಗಿದೆ. ಒಂದು ಪಾಲು ಬಾಗಿಲಿಗೆ: ಅಂಚಿನಲ್ಲಿ ರಬ್ಬರ್ ಇರುತ್ತದೆ, ನಡುವೆ ಏನಾದರೂ ಸಿಕ್ಕಿದರೆ ಮೋಟಾರು ಆ ಅಡ್ಡಿಯನ್ನು ಗುರುತಿಸಿ ಬಾಗಿಲನ್ನು ಹಿಂದೆ ತೆಗೆಯಬೇಕು. ಬಾಗಿಲುಗಳೆಲ್ಲ ಮುಚ್ಚಿವೆ ಎಂಬ ಸೂಚನೆ ಬಂದ ಮೇಲೇ ರೈಲು ಹೊರಡಬೇಕು. ಇನ್ನೊಂದು ಪಾಲು ನಮಗೆ: ಸದ್ದು ಕೇಳಿದ ಮೇಲೆ ದೂರ ಸರಿಯಬೇಕಾದವರು ನಾವು.

ಬಾಗಿಲಿನ ಪಾಲಿಗೆ ಒಂದು ಮಿತಿಯಿದೆ. ದಪ್ಪಗಿನದು ಸಿಕ್ಕಿದರೆ ಅದಕ್ಕೆ ಗೊತ್ತಾಗುತ್ತದೆ. ತೆಳ್ಳಗಿನದು ಗೊತ್ತಾಗುವುದು ಕಷ್ಟ. ತೋಳು, ಚೀಲ, ಊರುಗೋಲು ಗೊತ್ತಾಗಬಹುದು. ಸೆರಗು, ದುಪಟ್ಟಾ, ಬ್ಯಾಗಿನ ಪಟ್ಟಿ, ಕೆಲವೊಮ್ಮೆ ಬೆರಳು ತಪ್ಪಿಸಿಕೊಳ್ಳಬಹುದು. 2019ರ ಜುಲೈ 13ರಂದು ಕೋಲ್ಕತ್ತದ ಪಾರ್ಕ್ ಸ್ಟ್ರೀಟ್ ಮೆಟ್ರೊ ನಿಲ್ದಾಣದಲ್ಲಿ 66 ವರ್ಷದ ಒಬ್ಬರ ಕೈ ಬಾಗಿಲಿಗೆ ಸಿಕ್ಕಿಕೊಂಡಿತು, ರೈಲು ಹೊರಟಿತು, ಅವರು ಉಳಿಯಲಿಲ್ಲ. 2023ರ ಡಿಸೆಂಬರ್ 14ರಂದು ದೆಹಲಿಯ ಇಂದರ್‌ಲೋಕ್ ನಿಲ್ದಾಣದಲ್ಲಿ ಒಬ್ಬ ತಾಯಿಯ ಬಟ್ಟೆ ಬಾಗಿಲಿಗೆ ಸಿಕ್ಕಿತು. ರೈಲು ಆಕೆಯನ್ನು ಎಳೆದುಕೊಂಡು ಹೋಯಿತು. ಎರಡು ದಿನದ ನಂತರ ಆಕೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಇಂಥವು ಅಪರೂಪ, ನಿಜ. ದಿನಕ್ಕೆ ಲಕ್ಷಾಂತರ ಜನ ಹತ್ತಿಳಿಯುವ ವ್ಯವಸ್ಥೆಯಲ್ಲಿ ಕೈಬೆರಳಲ್ಲಿ ಎಣಿಸುವಷ್ಟು. ಆದರೆ ಅಪರೂಪದ ಸಾವೂ ಒಂದು ಪ್ರಶ್ನೆ ಬಿಟ್ಟು ಹೋಗುತ್ತದೆ. ಬಾಗಿಲ ಬಳಿ ನಿಲ್ಲುವವರು ಏನುಡುತ್ತಾರೆ ಎಂದು ಬಾಗಿಲು ಮಾಡಿದವರಿಗೆ ಗೊತ್ತಿರಲಿಲ್ಲವೆ? ಸೀರೆ ಉಡುವ ದೇಶಕ್ಕೆ ಬರುವ ಬಾಗಿಲು ಸೀರೆಯನ್ನು ಗುರುತಿಸಬೇಕೋ, ಸೀರೆ ಉಟ್ಟವಳು ಬಾಗಿಲನ್ನು ನೋಡಿಕೊಂಡು ನಡೆಯಬೇಕೋ?

ಈ ಪ್ರಶ್ನೆ ನಮಗೆ ಹೊಸದಲ್ಲ, ಮೆಟ್ರೊಗಿಂತ ಮೊದಲೇ ಕೇಳಿ ಉತ್ತರ ಕಂಡುಕೊಂಡಿದ್ದೇವೆ. ಚನ್ನಪಟ್ಟಣದ ಬೊಂಬೆಯ ಲೇತು, ರಾಮನಗರದ ರೇಷ್ಮೆ ಹುರಿ ಮಾಡುವ ಯಂತ್ರ, ಎರಡರ ಮುಂದೆಯೂ ಹೆಂಗಸರು ಕೆಲಸ ಮಾಡುತ್ತಾರೆ. ತಿರುಗುವ ಯಂತ್ರ, ಇಳಿಬಿದ್ದ ಸೆರಗು, ಬಿಚ್ಚಿದ ಜಡೆ; ಅಪಾಯ ಯಾರಿಗೂ ಹೇಳಿಕೊಡಬೇಕಾಗಿಲ್ಲ. 'ಸೆರಗು ಸಿಗಿಸ್ಕೊಳಮ್ಮ' ಎಂದು ಮಾಲೀಕ ದಿನವೂ ಎಚ್ಚರಿಸಬಹುದು. ಆದರೆ 1948ರ ಕಾರ್ಖಾನೆ ಕಾಯ್ದೆಯ 21ನೆಯ ಕಲಮು ಎಚ್ಚರಿಸಿದರೆ ಸಾಕು ಎನ್ನಲಿಲ್ಲ. ಯಂತ್ರದ ಅಪಾಯಕಾರಿ ಭಾಗಗಳಿಗೆ ಬಲವಾದ ತಡೆ ಇರಬೇಕು, ಯಂತ್ರ ಚಲಿಸುತ್ತಿರುವಾಗ ಆ ತಡೆ ತನ್ನ ಜಾಗದಲ್ಲೇ ಇರಬೇಕು ಎಂದಿತು. ಮನೆಯ ಜಗಲಿಯ ಲೇತಿನವರೆಗೆ ಆ ಕಾಯ್ದೆ ಬರಲಿಲ್ಲ ಎಂಬುದು ಬೇರೆ ದುಃಖ. ಆದರೆ ತತ್ವ ಸ್ಪಷ್ಟವಾಗಿತ್ತು: ದಿನಕ್ಕೆ ಹತ್ತು ಗಂಟೆ ಕೆಲಸ ಮಾಡುವ ಮನುಷ್ಯನ ಗಮನ ಒಂದು ಗಳಿಗೆ ತಪ್ಪೇ ತಪ್ಪುತ್ತದೆ, ಆ ಒಂದು ಗಳಿಗೆಗೆ ಕೈ ಕಳೆದುಕೊಳ್ಳುವುದು ತಕ್ಕ ಶಿಕ್ಷೆಯಲ್ಲ.

ರೈಲಿನಲ್ಲೇ ಇನ್ನೊಂದು ಉದಾಹರಣೆಯಿದೆ. ಹಳ್ಳಿಯ ದಾರಿ ಹಳಿಯನ್ನು ದಾಟುವಲ್ಲಿ ಗೇಟಿಲ್ಲದ ಕ್ರಾಸಿಂಗ್‌ಗಳಿದ್ದವು. ನಿಂತು, ನೋಡಿ, ದಾಟಿ ಎನ್ನುವ ಬೋರ್ಡು, ದೂರದಿಂದ ಇಂಜಿನ್ನಿನ ಸೀಟಿ; ಇಷ್ಟೇ ರಕ್ಷಣೆ. ಎತ್ತಿನ ಗಾಡಿ, ಟ್ರ್ಯಾಕ್ಟರ್, ಶಾಲೆಯ ವ್ಯಾನು ಸಿಕ್ಕಿಹಾಕಿಕೊಂಡಾಗಲೆಲ್ಲ 'ನೋಡಿ ದಾಟಬೇಕಿತ್ತು' ಎಂಬ ಮಾತು ಬರುತ್ತಿತ್ತು. ಕೊನೆಗೆ ರೈಲ್ವೆ ಇಲಾಖೆ ಗೇಟು ಹಾಕಿ, ಕೆಳಸೇತುವೆ ಕಟ್ಟಿ, ಕೆಲವನ್ನು ಮುಚ್ಚಿ, 2019ರ ಜನವರಿ ಕೊನೆಯ ಹೊತ್ತಿಗೆ ಬ್ರಾಡ್‌ಗೇಜ್ ಹಳಿಗಳ ಮೇಲಿನ ಕಾವಲಿಲ್ಲದ ಕ್ರಾಸಿಂಗ್‌ಗಳನ್ನೆಲ್ಲ ಇಲ್ಲವಾಗಿಸಿತು. ಅಷ್ಟರಲ್ಲಿ ಜನ ಹೆಚ್ಚು ಎಚ್ಚರದವರಾಗಿಬಿಟ್ಟಿದ್ದರು ಎಂದಲ್ಲ. ಎಚ್ಚರವಿರಬೇಕಾದ ಅಗತ್ಯವನ್ನೇ ಆ ಜಾಗದಿಂದ ತೆಗೆದುಹಾಕಲಾಯಿತು.

ಕಾನೂನು ಕೂಡ ಇದೇ ದಾರಿಯಲ್ಲಿ ನಡೆದಿದೆ. ರೈಲ್ವೆ ಕಾಯ್ದೆಗೆ 1994ರಲ್ಲಿ ಸೇರಿದ 124ಎ ಕಲಮಿನ ಪ್ರಕಾರ, ಪ್ರಯಾಣಿಕ ಆಕಸ್ಮಿಕವಾಗಿ ರೈಲಿನಿಂದ ಬಿದ್ದರೆ ರೈಲ್ವೆಯ ತಪ್ಪಿದೆಯೋ ಇಲ್ಲವೋ ಎಂದು ನೋಡದೆ ಪರಿಹಾರ ಕೊಡಬೇಕು. ಆತ್ಮಹತ್ಯೆ, ಬೇಕೆಂದೇ ಮಾಡಿಕೊಂಡ ಗಾಯ, ಕುಡಿದ ಅಮಲು ಮುಂತಾದ ಕೆಲವು ಸಂದರ್ಭಗಳಿಗಷ್ಟೇ ವಿನಾಯಿತಿ. ರೈಲು ಹತ್ತಲು ಹೋಗಿ ಬಿದ್ದು ಸತ್ತ ಒಬ್ಬಾಕೆಯ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಹತ್ತುವಾಗ ಇಳಿಯುವಾಗ ಪ್ರಯಾಣಿಕ ಎಚ್ಚರ ತಪ್ಪಿದ ಎಂಬ ಕಾರಣಕ್ಕೆ ಪರಿಹಾರ ತಪ್ಪಿಸುವಂತಿಲ್ಲ ಎಂದು 2018ರ ಇನ್ನೊಂದು ತೀರ್ಪು ಹೇಳಿತು. ಅದೇ ಕಾಯ್ದೆಯ 156ನೆಯ ಕಲಮು ಇನ್ನೂ ಕುತೂಹಲದ್ದು. ಫುಟ್‌ಬೋರ್ಡ್ ಮೇಲೋ ಚಾವಣಿ ಮೇಲೋ ಪ್ರಯಾಣಿಸುವುದಕ್ಕೆ ಅಲ್ಲಿ 3 ತಿಂಗಳವರೆಗೆ ಸಜೆ ಅಥವಾ 500 ರೂಪಾಯಿವರೆಗೆ ದಂಡ ಅಥವಾ ಎರಡೂ ಇದೆ. ಆದರೆ ರೈಲ್ವೆ ನೌಕರನೊಬ್ಬ ಬೇಡವೆಂದು ಎಚ್ಚರಿಸಿದ ಮೇಲೂ ಹಾಗೇ ಮುಂದುವರಿದರೆ ಮಾತ್ರ. ಅಂದರೆ ಒಬ್ಬ ಮನುಷ್ಯ ಇನ್ನೊಬ್ಬನಿಗೆ ಹೇಳಿರಬೇಕು. ಗೋಡೆಗೆ ಅಂಟಿಸಿದ ಬೋರ್ಡಿನ ಎಚ್ಚರಿಕೆಗಿಂತ ಹೆಚ್ಚಿನದನ್ನು ಆ ಕಲಮು ಕೇಳುತ್ತದೆ.

ಇಷ್ಟರಿಂದ ಒಂದು ಮಾತು ಹೇಳಬಹುದು. ಎಚ್ಚರಿಕೆಯೆಂಬುದು ಹೊಣೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವ ಕ್ರಿಯೆ. 'ಇನ್ನು ಮುಂದೆ ನೀನು ನೋಡಿಕೊ' ಎಂದು ಅದರ ಅರ್ಥ. ಹೊರೆಯನ್ನು ಇನ್ನೊಬ್ಬರ ತಲೆಗೆ ಏರಿಸುವಾಗ ಕೆಲವು ಮರ್ಯಾದೆಗಳಿರುತ್ತವೆ. ಏರಿಸುವವನು ಮೊದಲು ತಾನು ಹೊರಬಹುದಾದಷ್ಟನ್ನು ಹೊತ್ತಿರಬೇಕು. ಹೊರುವವನಿಗೆ ಮಾತು ಕೇಳಿಸಿರಬೇಕು. ಕೇಳಿಸಿದ ಮೇಲೆ ಅದರಂತೆ ನಡೆಯಲು ಅವನಿಗೆ ದಾರಿಯಿರಬೇಕು. ಯಂತ್ರಕ್ಕೆ ತಡೆ ಹಾಕುವುದು, ಕ್ರಾಸಿಂಗಿಗೆ ಗೇಟು ಹಾಕುವುದು ಮೊದಲನೆಯ ಮರ್ಯಾದೆಗೆ ಸೇರಿದ್ದು. ಉಳಿದೆರಡನ್ನು ನೋಡಬೇಕು.

ಕೇಳಿಸುವುದು ಎಂದರೆ ಕಿವಿಗೆ ಬೀಳುವುದಷ್ಟೇ ಅಲ್ಲ. ರೈಲಿನ ಬಾಗಿಲಿಗೆ ಸದ್ದು ಕಡ್ಡಾಯವಾದದ್ದರ ಹಿಂದೆ ಹಲವು ದೇಶಗಳಲ್ಲಿ ಅಂಗವಿಕಲರ ಹಕ್ಕಿನ ಕಾನೂನುಗಳಿವೆ. ಬ್ರಿಟನ್ನಿನ 1998ರ ನಿಯಮಗಳು, ಬಾಗಿಲು ಮುಚ್ಚಲು ಶುರುವಾಗುವ ಮುನ್ನ ಕನಿಷ್ಠ 3 ಸೆಕೆಂಡು ಸದ್ದು ಬರಬೇಕು, ಆ ಸದ್ದು ತೆರೆಯುವ ಸದ್ದಿಗಿಂತ ಬೇರೆಯಾಗಿರಬೇಕು ಎಂದವು. ಕಣ್ಣು ಕಾಣದವರಿಗೆ ಬಾಗಿಲು ಎಲ್ಲಿದೆ, ಏನು ಮಾಡುತ್ತಿದೆ ಎಂದು ತಿಳಿಸುವ ಭಾಷೆ ಅದು. ಆದರೆ 3 ಸೆಕೆಂಡು ಯಾರ 3 ಸೆಕೆಂಡು? ಕಾಲೇಜು ಹುಡುಗ ಅಷ್ಟರಲ್ಲಿ ಮೆಟ್ಟಿಲಿಳಿದು ಒಳಗೆ ಬಂದಿರುತ್ತಾನೆ. ಮಂಡಿನೋವಿನ ಅಜ್ಜಿ ಸೆಕೆಂಡಿಗೆ ಒಂದು ಹೆಜ್ಜೆ ಇಟ್ಟರೆ ಮೂರು ಹೆಜ್ಜೆ. ಸೀಟಿನಿಂದ ಎದ್ದು ಬಾಗಿಲಿಗೆ ಬರಲೂ ಸಾಲದು. ಸದ್ದು ಎಲ್ಲರಿಗೂ ಒಂದೇ, ಅದು ಕೊಡುವ ಕಾಲ ಒಂದೇ ಅಲ್ಲ.

ಸದ್ದಿನ ಅರ್ಥವನ್ನೂ ಕಲಿಯಬೇಕಾಗುತ್ತದೆ. ನಮ್ಮ ರೈಲಿನ ಹಳೆಯ ರೂಢಿಯಲ್ಲಿ ಕಳಿಸಲು ಬಂದವರು ಒಳಗೆ ಹತ್ತಿ, ಟ್ರಂಕು ಸೀಟಿನ ಕೆಳಗೆ ತಳ್ಳಿ, ಕಿಟಕಿ ಪಕ್ಕ ಕೂರಿಸಿ, ಸೀಟಿಯಾದ ಮೇಲೆ ಇಳಿಯುತ್ತಿದ್ದರು. ಗಾರ್ಡಿನ ಸೀಟಿ, ಹಸಿರು ಬಾವುಟ, ಇಂಜಿನ್ನಿನ ಹಾರ್ನು, ಆಮೇಲೆ ಒಂದು ಸಣ್ಣ ಜಗ್ಗು; ಇಷ್ಟರ ನಡುವೆ ಇಳಿಯಲು ಸಮಯವಿರುತ್ತಿತ್ತು. 2023ರ ಜನವರಿಯಲ್ಲಿ ಆಂಧ್ರದ ರಾಜಮಹೇಂದ್ರಿಯಲ್ಲಿ ಫೋಟೊ ತೆಗೆದುಕೊಳ್ಳಲೆಂದು ವಂದೇ ಭಾರತ್ ಹತ್ತಿದ ಒಬ್ಬರ ಹಿಂದೆ ಬಾಗಿಲು ಮುಚ್ಚಿಕೊಂಡು, ಅವರು ವಿಜಯವಾಡದವರೆಗೆ ಹೋಗಬೇಕಾಯಿತು. ಜನ ನಕ್ಕರು. ಆದರೆ ಅಲ್ಲಿ ಎರಡು ಭಾಷೆಗಳು ಮುಖಾಮುಖಿಯಾಗಿದ್ದವು. ಹಳೆಯ ಸೀಟಿ 'ಇಳಿಯುವವರು ಇಳಿಯಿರಿ' ಎನ್ನುತ್ತಿತ್ತು, ಹೊಸ ಬಾಗಿಲಿನ ಸದ್ದು 'ಮುಗಿಯಿತು' ಎನ್ನುತ್ತದೆ.

ಇದೇ ಸದ್ದು ಮೆಜೆಸ್ಟಿಕ್ಕಿನ ಮೆಟ್ರೊ ನಿಲ್ದಾಣದಲ್ಲಿ ಇನ್ನೊಂದು ಅರ್ಥ ಪಡೆಯುತ್ತದೆ. ನೇರಳೆ ಮಾರ್ಗದಿಂದ ಹಸಿರಿಗೆ ಬದಲಾಯಿಸುವವರು ಎಸ್ಕಲೇಟರಿನ ಮೇಲಿರುವಾಗ ಕೆಳಗಿನಿಂದ ಸದ್ದು ಕೇಳಿದರೆ ಯಾರೂ ನಿಲ್ಲುವುದಿಲ್ಲ, ಓಡುತ್ತಾರೆ. ದೂರ ಸರಿಯಿರಿ ಎನ್ನುವ ಸದ್ದು, ದೂರದಲ್ಲಿರುವವರಿಗೆ 'ಇನ್ನೂ ಮುಚ್ಚಿಲ್ಲ, ಬನ್ನಿ' ಎಂದು ಕೇಳಿಸುತ್ತದೆ. ಸದ್ದು ಕೇಳಿ ಓಡುವುದು ದಡ್ಡತನವೇ?

ಅದಕ್ಕೆ ಉತ್ತರ ಮೂರನೆಯ ಮರ್ಯಾದೆಯಲ್ಲಿದೆ, ಎಚ್ಚರಿಕೆಯಂತೆ ನಡೆಯಲು ದಾರಿ ಇದೆಯೇ ಎಂಬಲ್ಲಿ. ಮೆಟ್ರೊ ನಿಲ್ದಾಣದ ಪರದೆಯ ಮೇಲೆ ಮುಂದಿನ ರೈಲು ಎಷ್ಟು ನಿಮಿಷಕ್ಕೆ ಎಂದು ತೋರಿಸುತ್ತದೆ. 4 ನಿಮಿಷ, 5 ನಿಮಿಷ. ಅದನ್ನು ನೋಡಿದವರು ಬಾಗಿಲನ್ನು ಬಿಟ್ಟುಬಿಡಬಹುದು. ನಷ್ಟವಾಗುವುದು ಐದು ನಿಮಿಷ ಅಷ್ಟೇ. ರಾಮನಗರದ ಪ್ಲಾಟ್‌ಫಾರ್ಮಿನಲ್ಲಿ ಬೆಳಗ್ಗೆ ನಿಂತವರ ಲೆಕ್ಕ ಬೇರೆ. ಈ ರೈಲು ಹೋದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕು. ಅಷ್ಟರಲ್ಲಿ ಬಿಡದಿಯ ಕಾರ್ಖಾನೆಯ ಪಾಳಿ ಶುರುವಾಗಿರುತ್ತದೆ, ಗಾರ್ಮೆಂಟ್ಸ್‌ನ ಗೇಟು ಮುಚ್ಚಿರುತ್ತದೆ, ಅರ್ಧ ದಿನದ ಸಂಬಳ ಹೋಗಿರುತ್ತದೆ. ಸಂಜೆ ಮಾಗಡಿಯ ಕಡೆಯ ಬಸ್ಸು ತಪ್ಪಿದವರಿಗೆ ಆ ರಾತ್ರಿ ಬೆಂಗಳೂರಿನಲ್ಲಿ ಮನೆಯಿಲ್ಲ. ಇವರಿಗೆ 'ಬಾಗಿಲಲ್ಲಿ ನಿಲ್ಲಬೇಡಿ' ಎಂದು ಹೇಳಬಹುದು. ಅವರಿಗೆ ಅದು ಗೊತ್ತಿಲ್ಲದ ವಿಷಯವಲ್ಲ. ಅಪಾಯವನ್ನೂ ಅರ್ಧ ದಿನದ ಸಂಬಳವನ್ನೂ ತಕ್ಕಡಿಯಲ್ಲಿಟ್ಟು ತೂಗಿಯೇ ಅವರು ಕಂಬಿ ಹಿಡಿದಿರುತ್ತಾರೆ. ಪಾಲಿಸಲಾಗದವರಿಗೆ ಕೊಟ್ಟ ಎಚ್ಚರಿಕೆ ಅವರನ್ನು ಉಳಿಸುವುದಿಲ್ಲ. ನಾಳೆ ಏನಾದರೂ ಆದರೆ ತಪ್ಪು ಯಾರದು ಎಂದು ಮೊದಲೇ ಬರೆದಿಟ್ಟುಕೊಳ್ಳಲು ಅದು ಉಪಯೋಗಕ್ಕೆ ಬರುತ್ತದೆ, ಅಷ್ಟೆ.

2025ರ ಜೂನ್ 9ರ ಬೆಳಗ್ಗೆ ಮುಂಬೈ ಹತ್ತಿರದ ಮುಂಬ್ರಾದಲ್ಲಿ ಕಿಕ್ಕಿರಿದ ಲೋಕಲ್ ರೈಲುಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಹಳಿಗೆ ಬಿದ್ದರು. ಅಂದೇ ನಾಲ್ವರು ತೀರಿಕೊಂಡರು. ಮುಂಬೈಗೆ ಇನ್ನು ಬರುವ ಹೊಸ ಲೋಕಲ್ ರೈಲುಗಳಿಗೆಲ್ಲ ತಾನಾಗಿ ಮುಚ್ಚುವ ಬಾಗಿಲು ಇರಲಿದೆ ಎಂದು ರೈಲ್ವೆ ಆಗ ಪ್ರಕಟಿಸಿತು. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಎನ್ನಬಹುದು, ಆದರೂ ಹಾಕುವುದು ಒಳ್ಳೆಯದೇ. ಅಲ್ಲಿನ ಇಂಜಿನಿಯರುಗಳ ಮುಂದೆ ಬಂದ ತೊಡಕು ಮಾತ್ರ ಗಮನಿಸಬೇಕಾದದ್ದು. ಎ.ಸಿ. ಇಲ್ಲದ ಬೋಗಿಯ ಬಾಗಿಲು ಮುಚ್ಚಿದರೆ ಒಳಗಿನವರಿಗೆ ಉಸಿರುಗಟ್ಟುತ್ತದೆ. ಅದಕ್ಕಾಗಿ ಬಾಗಿಲಿಗೆ ಗಾಳಿಕಿಂಡಿ, ಚಾವಣಿಯಲ್ಲಿ ಗಾಳಿ ಬೀಸುವ ಸಾಧನ, ಜನ ಹಂಚಿಕೊಳ್ಳಲು ಬೋಗಿಯಿಂದ ಬೋಗಿಗೆ ದಾರಿ, ಇವನ್ನೆಲ್ಲ ಸೇರಿಸಿ ಯೋಚಿಸಬೇಕಾಯಿತು. ಬಾಗಿಲೊಂದನ್ನೇ ಸರಿಮಾಡಲು ಬರುವುದಿಲ್ಲ. ನೇತಾಡುತ್ತಿದ್ದವರು ಬಾಗಿಲು ಮುಚ್ಚಿದ ಮೇಲೆ ಎಲ್ಲಿ ನಿಲ್ಲಬೇಕು ಎಂಬುದಕ್ಕೂ ಉತ್ತರ ಬೇಕು. ಹೆಚ್ಚು ರೈಲು ಓಡಿಸದೆ ಬಾಗಿಲು ಮಾತ್ರ ಮುಚ್ಚಿದರೆ ಜನ ರೈಲಿನಿಂದ ಬೀಳುವುದು ನಿಲ್ಲುತ್ತದೆ, ಆದರೆ ಅವರು ಪ್ಲಾಟ್‌ಫಾರ್ಮಿನಲ್ಲೇ ಉಳಿಯುತ್ತಾರೆ.

ಇದಕ್ಕೆ ಎದುರು ಮಾತೊಂದಿದೆ, ಅದು ಹಗುರವಾದದ್ದಲ್ಲ. ರೈಲಿನೊಳಗೆ ಸಾವಿರಕ್ಕೂ ಹೆಚ್ಚು ಜನರಿರುತ್ತಾರೆ. ತಡವಾಗಿ ಬಂದ ಒಬ್ಬರಿಗಾಗಿ 10 ಸೆಕೆಂಡು ಕಾದರೆ ಸಾವಿರ ಜನರ ತಲಾ 10 ಸೆಕೆಂಡು ಹೋಯಿತು. ಒಂದು ರೈಲು ತಡೆದರೆ ಹಿಂದಿನ ರೈಲೂ ತಡೆಯುತ್ತದೆ. ಚೀಲವನ್ನು ಬಾಗಿಲಿಗೆ ಅಡ್ಡ ಕೊಟ್ಟು ಗೆಳೆಯನಿಗಾಗಿ ಕಾಯುವವನು ತನ್ನ ಕಾಲವನ್ನಲ್ಲ, ಪರರ ಕಾಲವನ್ನು ಖರ್ಚು ಮಾಡುತ್ತಾನೆ. ಪ್ರಯಾಣಿಕರಿಗೂ ಹೊಣೆಯಿಲ್ಲವೆ? ಖಂಡಿತ ಇದೆ. ಇಳಿಯುವವರಿಗೆ ದಾರಿ ಬಿಡುವುದು, ಮುಚ್ಚುವ ಬಾಗಿಲಿಗೆ ಕೈ ಹಾಕದಿರುವುದು ಸಾರ್ವಜನಿಕ ಜೀವನದ ಮೊದಲ ಪಾಠಗಳು. ಬಾಗಿಲು ಎಲ್ಲರಿಗಾಗಿ ಕಾಯಬೇಕು ಎಂದು ನಾನು ವಾದಿಸುತ್ತಿಲ್ಲ. ಕಾಯದಿರುವ ಹಕ್ಕು ಬಾಗಿಲಿಗಿದೆ. ಆದರೆ ಆ ಹಕ್ಕಿಗೆ ಬೆಲೆ ತೆರಬೇಕು: ಸಿಕ್ಕಿಕೊಂಡವರನ್ನು ಎಳೆದೊಯ್ಯದ ಹಾಗೆ ಬಾಗಿಲನ್ನು ಕಟ್ಟುವುದು, ಬಿಟ್ಟು ಹೋದವರಿಗೆ ಇನ್ನೊಂದು ರೈಲು ಕೊಡುವುದು. ಬಾಗಿಲಿಗೆ ಅಡ್ಡ ನಿಂತವನಿಗೆ ದಂಡ ಹಾಕುವ ಸಮಾಜ ತೆಳು ಬಟ್ಟೆಯನ್ನು ಗುರುತಿಸದ ಬಾಗಿಲಿಗೂ ಲೆಕ್ಕ ಕೇಳಬೇಕು.

ಲೆಕ್ಕ ಕೇಳಲು ಎದುರಿಗೊಬ್ಬರು ಬೇಕಲ್ಲ? ಬಸ್ಸಿನಲ್ಲಾದರೆ ಕಂಡಕ್ಟರನನ್ನು ಬೈಯಬಹುದಿತ್ತು, ಅವನೂ ತಿರುಗಿ ಬೈಯುತ್ತಿದ್ದ. ಮೆಟ್ರೊದಲ್ಲಿ ನಮಗೆ ಕೇಳಿಸುವುದು ಒಂದು ದನಿ ಮಾತ್ರ. ಬೆಂಗಳೂರಿನ ಮೆಟ್ರೊಗೆ ಕನ್ನಡದ ಪ್ರಕಟಣೆಗಳನ್ನು ಓದಿದವರು ನಿರೂಪಕಿ ಅಪರ್ಣಾ. ಅವರು 2024ರ ಜುಲೈ 11ರಂದು ತೀರಿಕೊಂಡ ಮೇಲೂ ರೈಲುಗಳಲ್ಲಿ ಆ ದನಿ ಕೇಳುತ್ತಲೇ ಇತ್ತು. ಸ್ಪಷ್ಟವಾದ, ಅವಸರವಿಲ್ಲದ ಕನ್ನಡ. ಹಳ್ಳಿಯಿಂದ ಬಂದವರಿಗೆ ಆ ಹೊಳೆಯುವ ನಿಲ್ದಾಣದಲ್ಲಿ ಮೊದಲ ಧೈರ್ಯ ಕೊಟ್ಟದ್ದು ಅದೇ ಇರಬೇಕು. ದನಿಯಲ್ಲಿ ಕಾಳಜಿಯಿತ್ತು, ಆದರೆ ದನಿಗೆ ನಮ್ಮನ್ನು ನೋಡಲು ಬರುವುದಿಲ್ಲ. ಕಾಳಜಿಯನ್ನು ಧ್ವನಿಮುದ್ರಿಸಬಹುದು, ಹೊಣೆಯನ್ನು ಧ್ವನಿಮುದ್ರಿಸಲಾಗದು. ಅದನ್ನು ಬದುಕಿರುವವರು, ಸಹಿ ಹಾಕುವವರು, ಟೆಂಡರ್ ಕರೆಯುವವರು, ಪರೀಕ್ಷೆ ಮಾಡಿ ಒಪ್ಪಿಗೆ ಕೊಡುವವರು ಹೊರಬೇಕು.

ಬೆಂಗಳೂರಿನ ಹಸಿರು, ನೇರಳೆ ಮಾರ್ಗಗಳನ್ನು ಕಟ್ಟಿದಾಗ ಪ್ಲಾಟ್‌ಫಾರ್ಮಿನ ಅಂಚಿಗೆ ಗಾಜಿನ ಬಾಗಿಲುಗಳನ್ನು ಹಾಕಿರಲಿಲ್ಲ. ಒಂದು ಹಳದಿ ಪಟ್ಟಿ, ಅದನ್ನು ದಾಟಿದವರಿಗೆ ಕಾವಲಿನವರ ಸೀಟಿ, ಅಷ್ಟೇ ಇತ್ತು. ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಹೋಗುವ ಗುಲಾಬಿ ಮಾರ್ಗದ ಸುರಂಗ ನಿಲ್ದಾಣಗಳಿಗೆ ಅಂಥ ಬಾಗಿಲುಗಳನ್ನು ಯೋಜನೆಯಲ್ಲೇ ಸೇರಿಸಲಾಯಿತು. ಹಳದಿ ಪಟ್ಟಿಯಿಂದ ಗಾಜಿನ ಬಾಗಿಲಿಗೆ ಹೋಗುವುದು ಖರ್ಚಿನ ವಿಷಯವಾಗಿ ಕಾಣುತ್ತದೆ. ನೈತಿಕವಾಗಿ ಅದು 'ನೀನು ನೋಡಿಕೊ' ಎಂಬಲ್ಲಿಂದ 'ನಾನೂ ನೋಡಿಕೊಳ್ಳುತ್ತೇನೆ' ಎಂಬಲ್ಲಿಗೆ ಒಂದು ಹೆಜ್ಜೆ.

ಬಾಗಿಲಿನ ಬಗ್ಗೆ ಈ ಸೀಮೆಯಲ್ಲಿ ಒಂದು ಹಳೆಯ ಕಥೆಯಿದೆ. ಮಾಗಡಿಯ ಕೆಂಪೇಗೌಡರು ಬೆಂಗಳೂರಿನ ಕೋಟೆ ಕಟ್ಟಿಸುವಾಗ ಒಂದು ಹೆಬ್ಬಾಗಿಲು ನಿಲ್ಲದೆ ಬೀಳುತ್ತಲೇ ಇತ್ತಂತೆ. ಬಲಿ ಬೇಕು ಎಂದರಂತೆ. ಆಗ ತುಂಬು ಬಸುರಿ ಸೊಸೆ ಲಕ್ಷ್ಮಮ್ಮ ಯಾರಿಗೂ ಹೇಳದೆ ರಾತ್ರಿ ಹೋಗಿ ಪ್ರಾಣ ಕೊಟ್ಟಳಂತೆ, ಬಾಗಿಲು ನಿಂತಿತಂತೆ. ಕೋರಮಂಗಲದಲ್ಲಿ ಅವಳ ಸಮಾಧಿಯೆಂದು ತೋರಿಸುತ್ತಾರೆ. ಶತಮಾನಗಳಿಂದ ಈ ಕಥೆಯನ್ನು ತ್ಯಾಗದ ಕಥೆಯಾಗಿ ಕೇಳಿಕೊಂಡು ಬಂದಿದ್ದೇವೆ. ಬುನಾದಿ ಎಷ್ಟು ಆಳಕ್ಕೆ ತೋಡಿದ್ದಿರಿ ಎಂದು ಕಲ್ಲುಕುಟಿಗರನ್ನು ಯಾರಾದರೂ ಕೇಳಿದರೆ ಎಂದು ಮಾತ್ರ ಕಥೆ ಹೇಳುವುದಿಲ್ಲ.

ಕೋಲ್ಕತ್ತ, ದೆಹಲಿ, ಮುಂಬ್ರಾಗಳಲ್ಲಿ ಹೋದವರು ತ್ಯಾಗ ಮಾಡಲು ಹೋದವರಲ್ಲ, ಮನೆಗೋ ಕೆಲಸಕ್ಕೋ ಹೊರಟವರು. ಅವರ ನಂತರ ಬಾಗಿಲುಗಳು ಇಷ್ಟಿಷ್ಟೇ ಉತ್ತಮವಾಗುತ್ತಿವೆ. ಇನ್ನು ಮುಂದಾದರೂ ಬಾಗಿಲು ಗಟ್ಟಿಯಾಗಿ ನಿಲ್ಲಲು ಯಾರೂ ಸಾಯಬೇಕಾಗಿ ಬರಬಾರದು. ಮುಂದೊಂದು ದಿನ ಮೆಮು ರೈಲಿಗೂ ತಾನಾಗಿ ಮುಚ್ಚುವ ಬಾಗಿಲು ಬರಬಹುದು, ಮೆಟ್ರೊ ಬಿಡದಿಯ ಕಡೆಗೂ ಬೆಳೆಯಬಹುದು. ಆಗ ರಾಮನಗರದ ಪ್ಲಾಟ್‌ಫಾರ್ಮಿನಲ್ಲೂ ಆ ಸದ್ದು ಕೇಳಿಸುತ್ತದೆ. ಅದು ಎಷ್ಟು ಗಟ್ಟಿಯಾಗಿದೆ, ಎಷ್ಟು ಇಂಪಾಗಿದೆ ಎಂದು ನೋಡುವ ಮೊದಲು, ಆ ರೈಲು ಬಿಟ್ಟವರಿಗೆ ಮುಂದಿನದು ಎಷ್ಟು ನಿಮಿಷಕ್ಕೆ ಎಂದು ಕೇಳಿಕೊಳ್ಳಬೇಕು.